ಅಂಬಿಗನನ್ನು ಕೊಂದವಳು

"ದೋಣಿ ಹತ್ತೋ ಮುಂಚೆ ಒಂದು ನಿಜ ಹೇಳು!"

ಆ ದನಿಗೆ ಅವಳು ಬೆಚ್ಚಿಬಿದ್ದಳು.

ಎದುರಿಗೆ ಕೂತಿದ್ದವನು ಅಷ್ಟು ಹೊತ್ತೂ ಬಾಯಿ ಬಿಟ್ಟಿರಲಿಲ್ಲ. ತಡವಾಗಿ ಬಂದಿದ್ದ. ಉಗುರಿನ ಸಂದಿಯಲ್ಲಿ ಗ್ರೀಸ್ ಇತ್ತು. ಎಲ್ಲರಿಗೂ ಸೇರಿಸಿ ಒಮ್ಮೆ ತಲೆಯಾಡಿಸಿ, ಗಟ್ಟಿ ಕುರ್ಚಿಯನ್ನು ಅವಳ ಕಡೆಗೆ ತಳ್ಳಿ, ಕಿಟಕಿಯ ಗಾಳಿಗೆ ಅಡ್ಡವಾಗಿ, ಕಾಲು ಅಲ್ಲಾಡುವ ಕುರ್ಚಿಯಲ್ಲಿ ತಾನು ಕೂತಿದ್ದ. ಈಗ ಅದೇ ಗಂಟಲಿನಿಂದ ಬೇರೆ ಯಾರೋ ಮಾತಾಡಿದ ಹಾಗಿತ್ತು. ಆಳವಾದ, ನಿಧಾನದ, ಒಳಗೊಳಗೇ ನಗುವ ದನಿ...

"ನಿಜ ಯಾಕೆ? ದುಡ್ಡು ಕೊಡ್ತೀನಿ," ಎಂದಳು ಅವಳು. ಬೆನ್ನ ಹಿಂದೆ ರಾಜನ ಸೈನಿಕರು ಅಟ್ಟಿಸಿಕೊಂಡು ಬರುತ್ತಿದ್ದರು. ಎದುರಿಗೆ ತುಂಬಿದ ನದಿ.

"ದುಡ್ಡು ಮುಳುಗುತ್ತೆ. ನಿಜ ತೇಲುತ್ತೆ. ಹೇಳು, ನನ್ನ ಸವಾರಿಗೆ ಅದೇ ಬಾಡಿಗೆ."

ಅವಳು ಏನಾದರೂ ಕಟ್ಟಿ ಹೇಳಬಹುದಿತ್ತು. ಹೇಳಬೇಕಾದದ್ದೂ ಹಾಗೆಯೇ. ಆದರೆ ಆ ದನಿ ಕೇಳಿದ ಮೇಲೆ ಸುಳ್ಳು ನಾಲಿಗೆಗೇ ಬರಲಿಲ್ಲ.

"ನಾನು ಮನೆ ಬಾಗಿಲು ತೆಗೆದಾಗ 'ಬಂದ್ಯಾ?' ಅಂತ ಕೇಳೋರು ಯಾರೂ ಇಲ್ಲ."

ಮೂಲೆಯ ಮೀನಿನ ತೊಟ್ಟಿಯ ಗುಳುಗುಳು ಸದ್ದು ಮಾತ್ರ.

ಅವನು ಅವಳನ್ನೇ ನೋಡಿದ. ಆಮೇಲೆ ಅದೇ ದನಿಯಲ್ಲಿ, ಇನ್ನೂ ಮೆಲ್ಲಗೆ ಹೇಳಿದ.

"ಹತ್ತು. ಅವಸರ ಏನಿದೆ? ನಾನಿದ್ದೀನಲ್ಲ."

ಅಯ್ಯೋ ದೇವರೇ... ಇದೇನಾಗ್ತಿದೆ ನನಗೆ?

ಗಾಬರಿಯಾಗಬೇಡಿ ಓದುಗರೇ. ಅಲ್ಲಿ ನದಿಯೂ ಇರಲಿಲ್ಲ, ಸೈನಿಕರೂ ಇರಲಿಲ್ಲ. ಇದ್ದದ್ದು ಹಲ್ಲಿನ ಕ್ಲಿನಿಕ್ಕಿನ ವೇಟಿಂಗ್ ರೂಮು. ಭಾನುವಾರ ಮಧ್ಯಾಹ್ನ ಡಾಕ್ಟರಮ್ಮ ಬಾಗಿಲಿಗೆ 'ರಜೆ' ಬೋರ್ಡು ತಗುಲಿಸಿ, ಟೀಪಾಯಿ ನಡುವಿಗೆ ಎಳೆದು, ಕಥೆ ನಡೆಸುವ ಸೂತ್ರಧಾರರಾಗುತ್ತಿದ್ದರು. ಉಳಿದವರು ಆ ಕಥೆಯೊಳಗೆ ಒಬ್ಬೊಬ್ಬರು ಒಂದೊಂದು ಪಾತ್ರ. "ಎದುರಿಗೆ ರಾಕ್ಷಸ ಬಂದ, ಏನ್ ಮಾಡ್ತೀರಿ?" ಎಂದು ಅವರು ಕೇಳಿದರೆ ಇವರು ಪಾತ್ರವಾಗಿಯೇ ಉತ್ತರಿಸಬೇಕು. ಗೆದ್ದರೋ ಸೋತರೋ ಎಂಬುದನ್ನು ದಾಳ ಹೇಳುತ್ತದೆ. ಹಲ್ಲಿನ ಅಚ್ಚು ತೆಗೆಯುವ ಪ್ಲಾಸ್ಟರಿನಲ್ಲೇ ರಾಕ್ಷಸರ ಗೊಂಬೆಗಳನ್ನೂ ಮಾಡಿದ್ದರಿಂದ, ಆ ಲೋಕದ ರಾಕ್ಷಸರಿಗೆಲ್ಲ ಹಲ್ಲು ಮಾತ್ರ ಬಹಳ ಚೆನ್ನಾಗಿತ್ತು.

ನಿಯಮ ಒಂದೇ. ಅದನ್ನು ಡಾಕ್ಟರಮ್ಮ ಬರೆದು ಮೀನಿನ ತೊಟ್ಟಿಯ ಗಾಜಿಗೆ ಅಂಟಿಸಿದ್ದರು. 'ಅವರವರ ಪಾತ್ರ ಅವರವರದ್ದು. ಇನ್ನೊಬ್ಬರ ಬಾಯಲ್ಲಿ ಮಾತಾಡಬೇಡಿ.'

ಬ್ಯಾಂಕಿನಿಂದ ನಿವೃತ್ತರಾದ ಕ್ಯಾಷಿಯರ್ ಅಂಕಲ್ ಆಟದಲ್ಲಿ ಕಳ್ಳ. "ಸರ್ವಿಸಲ್ಲಿ ಒಂದು ಪೈಸೆ ಮುಟ್ಟಿಲ್ಲ ಕಣ್ರಮ್ಮ, ಇಲ್ಲಾದ್ರೂ ಕದಿಯೋಕೆ ಬಿಡಿ!" ಎನ್ನುತ್ತಿದ್ದರು. ಗ್ರೀಸ್ ಕೈಯವನು ಲಿಫ್ಟ್ ಮೆಕ್ಯಾನಿಕ್, ಆಟದಲ್ಲಿ ಅಂಬಿಗ. ಇನ್ನು ನಮ್ಮ ನಾಯಕಿ ಅದೇ ಕಟ್ಟಡದ ಕೆಳಗಿನ ಶ್ರವಣ ಪರೀಕ್ಷಾ ಕೇಂದ್ರದಲ್ಲಿ ಕಿವಿ ಪರೀಕ್ಷೆ ಮಾಡುವವಳು. ಕಟ್ಟಡದವರೆಲ್ಲರ ಬಾಯಲ್ಲಿ ಅವಳು 'ಕಿವಿ ಮೇಡಂ'. ಆಟದಲ್ಲಿ ಅರಮನೆಯಿಂದ ಓಡಿಬಂದ ಕಾವಲುಗಾರ್ತಿ.

ಅಮ್ಮ ಅಕ್ಕನ ಬಾಣಂತನಕ್ಕೆಂದು ಹೋದವರು ಅಲ್ಲೇ ಉಳಿದುಬಿಟ್ಟಿದ್ದರು. ಬಾಡಿಗೆ ಮನೆಯಲ್ಲಿ ಕಿವಿ ಮೇಡಂ ಒಬ್ಬಳೇ. ಅದನ್ನು ಅವಳು ಯಾರಿಗೂ ಹೇಳಿಕೊಂಡವಳಲ್ಲ... ಹೋಗಿ ಹೋಗಿ ಇಲ್ಲದ ದೋಣಿಯ ಅಂಬಿಗನಿಗೆ ಹೇಳಿದ್ದಳು!

* * *

ಭಾನುವಾರಗಳು ಕಳೆದವು. ಅವಳಿಗೆ ಉಳಿದ ವಾರವೆಲ್ಲ ಬರೀ ಭಾನುವಾರಕ್ಕೆ ಕಾಯುವ ಕೆಲಸವಾಯಿತು.

ಆಟದ ಹೊರಗೆ ಅವನು ಮಾತಿಗೆ ಜಿಪುಣ. ಆಟ ಮುಗಿಸಿ ಎಲ್ಲರೂ ಲಿಫ್ಟಿನ ಹತ್ತಿರ ಬಂದರೆ, ಅವನು ಒಂದು ಕಾಲು ಮಾತ್ರ ಒಳಗಿಟ್ಟು, ಭಾರ ಹಾಕಿ ನೋಡಿ, ಆಮೇಲೆ ಬಾಗಿಲಿಗೆ ಅಂಗೈ ಒತ್ತಿ ಹಿಡಿದು, "ಬನ್ನಿ," ಎನ್ನುತ್ತಿದ್ದ. ಕೊನೆಯವರು ಹತ್ತುವವರೆಗೂ ಕೈ ತೆಗೆಯುತ್ತಿರಲಿಲ್ಲ.

"ನೀವೇ ರಿಪೇರಿ ಮಾಡಿದ ಲಿಫ್ಟು. ನಿಮಗೇ ನಂಬಿಕೆ ಇಲ್ವಾ?" ಎಂದು ಒಮ್ಮೆ ಕಾಡಿಸಿದಳು.

"ನಾನು ರಿಪೇರಿ ಮಾಡಿದ್ದಕ್ಕೇ ನಾನು ಮೊದಲು ಹತ್ತಬೇಕು," ಎಂದ ಅವನು. ನಗಲಿಲ್ಲ. ಆದರೆ ಕಿವಿ ಕೆಂಪಾಗಿತ್ತು.

ಅವಳು ಮನೆಗೆ ಹೋಗಿ ಬರೆಯಲು ಕೂತಳು.

ಕಥೆಗಳ ಆ್ಯಪ್ ಒಂದರಲ್ಲಿ ಅವಳಿಗೆ ಗುಟ್ಟಾದ ಒಂದು ಕಾವ್ಯನಾಮವಿತ್ತು. ಶುರು ಮಾಡಿದ್ದು ತನ್ನದೇ ಪಾತ್ರದ ಕಥೆ, ಓಡಿಬಂದ ಕಾವಲುಗಾರ್ತಿಯದು. ಎರಡನೇ ಭಾಗಕ್ಕೇ ಅಂಬಿಗ ಬಂದ. ಬಂದವನು ಹೋಗಲೇ ಇಲ್ಲ! ಅವನ ಬಾಡಿಗೆ, ಅವನ 'ಅವಸರ ಏನಿದೆ', ಎಲ್ಲ ಆಟದಿಂದಲೇ ಎತ್ತಿದ್ದು. ಆಟದಲ್ಲಿ ಇಲ್ಲದ್ದನ್ನು ತಾನೇ ತುಂಬಿದಳು. ಗಾಳಿ ಬೀಸುವ ಕಡೆ ತಾನು ಕೂತು ಪಯಣಿಗರನ್ನು ಮರೆಗೆ ಕೂರಿಸುವುದು, ಒಂದು ಕಾಲಿಟ್ಟು ನೋಡಿಯೇ ಬೇರೆಯವರನ್ನು ದೋಣಿಗೆ ಹತ್ತಿಸುವುದು...

ಓದುಗರು ಹುಚ್ಚೆದ್ದರು. "ಅಂಬಿಗ ನನ್ನವನು, ಯಾರೂ ಮುಟ್ಟಬೇಡಿ!" "ಅವನಿಗೇನಾದ್ರೂ ಆದ್ರೆ ಆ್ಯಪ್ ಡಿಲೀಟ್ ಮಾಡ್ತೀನಿ ಮೇಡಂ, ಈಗಲೇ ಹೇಳಿದೀನಿ!"

ಅವನಿಗೆ ಹೇಳಬೇಕು. ಅವನ ಪಾತ್ರ ಅದು, ಅವನನ್ನು ಕೇಳಬೇಕು... ಎಂದು ಅವಳಿಗೆ ಪ್ರತಿ ವಾರವೂ ಅನಿಸುತ್ತಿತ್ತು. ಆದರೆ ಹೇಳಿದರೆ ಓದುತ್ತಾನೆ. ಓದಿದರೆ? ಪ್ರತಿ ಸಾಲಿನಲ್ಲೂ ಅವಳ ಮನಸ್ಸು ಬಟ್ಟಬಯಲಾಗಿತ್ತಲ್ಲ!

"ನಿಮಗೊಂದು ವಿಷ್ಯ ಹೇಳ್ಬೇಕಿತ್ತು," ಎಂದಳು ಒಂದು ದಿನ, ಲಿಫ್ಟಿನಲ್ಲಿ ಇಬ್ಬರೇ ಇದ್ದಾಗ.

"ಹೇಳಿ."

ಲಿಫ್ಟು ಕೆಳಗೆ ಬಂದು ನಿಂತಿತು. ಬಾಗಿಲು ತೆರೆಯಿತು.

"ಮುಂದಿನ ವಾರ ಹೇಳ್ತೀನಿ," ಎಂದು ಓಡಿಬಿಟ್ಟಳು. ಹೆದರುಪುಕ್ಕಲಿ!

ಆಟದಲ್ಲಿ ಅಂಬಿಗನಿಗೆ ಇನ್ನೊಂದು ಚಾಳಿ ಇತ್ತು. ಸಂಜೆಯಾದರೆ ದೋಣಿ ಕಟ್ಟಿ, ಆಚೆ ದಡಕ್ಕೆ ಮುಖ ಮಾಡಿ, "ಓಯ್!" ಎಂದು ಕೂಗುತ್ತಿದ್ದ. ಸ್ವಲ್ಪ ಹೊತ್ತು ಕಾಯುತ್ತಿದ್ದ. ಆಮೇಲೆ ಮಲಗುತ್ತಿದ್ದ.

"ಯಾರನ್ನೋ ಕರೀತಿದೀಯ?" ಎಂದು ಡಾಕ್ಟರಮ್ಮ ಕೇಳಿದ್ದರು.

"ಯಾರನ್ನೂ ಇಲ್ಲ. ಉತ್ತರ ಬರುತ್ತಾ ಅಂತ ಕೇಳ್ತಾನೆ, ಅಷ್ಟೆ."

ಉಳಿದವರು ಮರೆತರು. ಕಿವಿ ಮೇಡಂ ಮರೆಯಲಿಲ್ಲ. ದಿನವಿಡೀ ಗಾಜಿನ ಆಚೆ ಕೂತವರ ಕಿವಿಗೆ ಸದ್ದು ಕಳಿಸಿ, ಕೇಳಿತೇ ಇಲ್ಲವೇ ಎಂದು ಕಾಯುವುದೇ ಅವಳ ಕೆಲಸ. ಆ 'ಓಯ್' ಅವಳಿಗೆ ಆಟದ ಕೂಗಿನಂತೆ ಕೇಳಿಸಿರಲಿಲ್ಲ.

* * *

ಕೇಂದ್ರದ ಗಾಜಿನ ಬಾಗಿಲ ಎದುರಿಗೇ ರಸ್ತೆಯಾಚೆ ಚಪ್ಪಲಿ ಅಂಗಡಿ. ಅವತ್ತು ಅವಳು ಒಬ್ಬ ತಾತನ ಹಿಯರಿಂಗ್ ಏಡ್‌ಗೆ ಬ್ಯಾಟರಿ ಹಾಕಿ ಕೊಟ್ಟು ಸುಮ್ಮನೆ ಆ ಕಡೆ ನೋಡಿದಳು.

ಅವನು!

ಅಂಗಡಿಯ ನೆಲದ ಮೇಲೆ ಮಂಡಿಯೂರಿ ಕೂತಿದ್ದ. ಎದುರಿನ ಸ್ಟೂಲಿನ ಮೇಲೆ ಒಬ್ಬಳು ಹೆಂಗಸು. ಅವಳ ಪಾದವನ್ನು ಕೈಯಲ್ಲಿ ಹಿಡಿದು ಹೊಸ ಶೂ ಹಾಕುತ್ತಿದ್ದ. ದಾರ ಕಟ್ಟಿದ. ಬೆರಳಿಗೆ ಒತ್ತುತ್ತದೆಯೇ ಎಂದು ಹೆಬ್ಬೆರಳಿನಿಂದ ಮುಟ್ಟಿ ನೋಡಿದ. ಆ ಹೆಂಗಸು ಏನೋ ಹೇಳಿ ನಕ್ಕು, ಅವನ ತಲೆಯ ಮೇಲೆ ಕೈಯಿಟ್ಟಳು.

ಕಿವಿ ಮೇಡಂ ಗಾಜಿನ ಬಾಗಿಲಿನಿಂದ ಹಿಂದೆ ಸರಿದಳು.

ಮದುವೆಯಾಗಿದೆ... ಹೆಂಡತಿ ಇದ್ದಾಳೆ. ನಾನು ಏನೇನೆಲ್ಲ ಕಟ್ಟಿಕೊಂಡಿದ್ದೆ! ಕುರ್ಚಿ ತಳ್ಳಿದ್ದಕ್ಕೆ, ಬಾಗಿಲು ಹಿಡಿದಿದ್ದಕ್ಕೆ... ಎಂಥಾ ಪೆದ್ದಿ ನಾನು!

ಕೇಳಬಹುದಿತ್ತು. ಎರಡು ಹೆಜ್ಜೆ ರಸ್ತೆ ದಾಟಿ 'ಹಲೋ' ಅಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಹೊಟ್ಟೆಗೆ ಬೆಂಕಿ ಬಿದ್ದವರು ರಸ್ತೆ ದಾಟಿ ವಿಚಾರಿಸುತ್ತಾರೆಯೇ? ಅವಳು ಮನೆಗೆ ಹೋದಳು. ಆಟದ ಮೇಜಿನಲ್ಲಿ ಯಾರೂ ಮಾಡದ ತಪ್ಪೊಂದನ್ನು ಮಾಡಿದಳು. ಇನ್ನೊಬ್ಬರ ಪಾತ್ರವನ್ನು ಸಿಟ್ಟಿಗೆ ಕೊಂದುಬಿಟ್ಟಳು.

ಅಂಬಿಗ ಹೊಳೆಯ ನಡುಗಡ್ಡೆಯಲ್ಲಿ ಗಾಯಗೊಂಡು ಒಬ್ಬನೇ ಬಿದ್ದಿದ್ದಾನೆ. ಆಚೆ ದಡದತ್ತ ಮುಖ ಮಾಡಿ 'ಓಯ್' ಎಂದು ಕೂಗುತ್ತಾನೆ. ಕಾಯುತ್ತಾನೆ. ಮತ್ತೆ ಕೂಗುತ್ತಾನೆ. ಕೊನೆಯ ಸಾಲು ಬರೆಯುವಾಗ ಅವಳ ಕಣ್ಣೂ ಮಂಜಾಗಿತ್ತು.

'ಉತ್ತರ ಬರಲಿಲ್ಲ.'

ಪ್ರಕಟಿಸು ಎಂಬಲ್ಲಿ ಒತ್ತಿದಳು. ಬೆಳಗಾಗುವಷ್ಟರಲ್ಲಿ ಸಾವಿರಾರು ಜನ ಅತ್ತಿದ್ದರು. ಅವಳು ಬರೆದದ್ದರಲ್ಲೇ ಅತಿ ಹೆಚ್ಚು ಓದಿಸಿಕೊಂಡ ಭಾಗ ಅದು.

* * *

ಭಾನುವಾರ ಅವನು ಬಂದ. ಕೂರಲಿಲ್ಲ.

"ಕೂತ್ಕೊಳೋ, ದೋಣಿ ಕಾಯ್ತಿದೆ," ಎಂದರು ಡಾಕ್ಟರಮ್ಮ ದಾಳ ಕುಲುಕುತ್ತ.

"ಅಂಬಿಗ ಸತ್ತ ಡಾಕ್ಟರೇ."

"ಆಂ? ದಾಳನೇ ಹಾಕಿಲ್ವಲ್ಲೋ!"

ಅವನು ಫೋನನ್ನು ಟೀಪಾಯಿಯ ಮೇಲಿಟ್ಟ. ಪರದೆಯ ಮೇಲೆ ಆ ಕೊನೆಯ ಸಾಲು.

"ಆ ಕೂಗು ಈ ಕೋಣೆ ಬಿಟ್ಟು ಹೊರಗಿನವರಿಗೆ ಗೊತ್ತಿಲ್ಲ," ಎಂದ. ಬೇರೆ ಯಾರ ಕಡೆಗೂ ನೋಡದೆ ನೇರ ಅವಳನ್ನೇ ನೋಡಿದ. "ಕೇಳಬಹುದಿತ್ತು ನೀವು."

ತಪ್ಪಾಯಿತು ಎನ್ನಬೇಕಿತ್ತು. ಅವಳ ಬಾಯಲ್ಲಿ ಬಂದದ್ದು ಬೇರೆ.

"ನೀವೂ ಹೇಳಬಹುದಿತ್ತು! ಮನೇಲಿ ಹೆಂಡತಿ ಇದಾಳೆ ಅಂತ!"

ಕ್ಯಾಷಿಯರ್ ಅಂಕಲ್ ಕೈಯಲ್ಲಿದ್ದ ಬಿಸ್ಕತ್ತು ಚಹಾದೊಳಗೇ ಬಿತ್ತು.

"ಹೆಂಡತಿ...?" ಅವನಿಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಮುಖ ಬಿಳಿಚಿಕೊಂಡಿತು. "ಅವರು ನಮ್ಮ ಅತ್ತಿಗೆ. ಅಣ್ಣ ಹೋದ ಮೇಲೆ ಆಸ್ಪತ್ರೇಲಿ ಆಯಾ ಕೆಲಸಕ್ಕೆ ಸೇರ್ತಿದಾರೆ. ದಿನವಿಡೀ ನಿಂತೇ ಇರ್ಬೇಕು. ಅದಕ್ಕೆ ಶೂ."

ಅವನು ಪರದೆಯ ಮೇಲಿನ ಸಾಲಿಗೆ ಬೆರಳಿಟ್ಟ.

"ಅಂಬಿಗನ ಮಾತೆಲ್ಲ ನಮ್ಮಣ್ಣಂದು. ಇದನ್ನ ನಾನು ಓದಿರಲಿಲ್ಲ, ಅತ್ತಿಗೆ ಓದಿದ್ರು. ನಿನ್ನೆಯಿಂದ ಊಟ ಮಾಡಿಲ್ಲ."

ಫೋನ್ ಎತ್ತಿಕೊಂಡು ಹೊರಟುಹೋದ. ಆ ಸಲ ಲಿಫ್ಟ್ ಹತ್ತಲಿಲ್ಲ. ಮೆಟ್ಟಿಲಿನ ಮೇಲೆ ಅವನ ಹೆಜ್ಜೆ ಸದ್ದು ಕೆಳಗಿನವರೆಗೂ ಕೇಳಿಸಿತು.

ಡಾಕ್ಟರಮ್ಮ ಮೀನಿನ ತೊಟ್ಟಿಯ ಚೀಟಿಯ ಕಡೆ ಒಮ್ಮೆ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

* * *

ಆಮೇಲಿನ ಭಾನುವಾರಗಳಲ್ಲಿ ಅಲ್ಲಾಡುವ ಕುರ್ಚಿ ಖಾಲಿಯೇ ಇತ್ತು. ಕಟ್ಟಡದ ಲಿಫ್ಟ್ ನೋಡಲು ಬೇರೆ ಯಾರೋ ಬಂದರು. ಅವಳ ಮೆಸೇಜುಗಳಿಗೆ ಉತ್ತರ ಬರಲಿಲ್ಲ. ಆ ಎರಡು ಪದಗಳು ಈಗ ಅವಳಿಗೇ ತಿರುಗಿ ಚುಚ್ಚುತ್ತಿದ್ದವು.

ಆ್ಯಪಿನಲ್ಲಿ ಓದುಗರು ಮುಂದಿನ ಭಾಗಕ್ಕೆ ಪೀಡಿಸುತ್ತಿದ್ದರು. ಅವಳು ಒಂದಕ್ಷರ ಬರೆಯಲಿಲ್ಲ. ಯಾವ ಮುಖ ಇಟ್ಟುಕೊಂಡು ಬರೀಲಿ? ಅಂಬಿಗನ ಒಂದೊಂದು ಮಾತು ನೆನಪಾದಾಗಲೂ, ಇದನ್ನು ಹೇಳಿದವನು ಈಗಿಲ್ಲ ಎಂದು ಎದೆ ಭಾರವಾಗುತ್ತಿತ್ತು. ಅದಕ್ಕಿಂತ ಹೆಚ್ಚು ಕಾಡಿದ ಪ್ರಶ್ನೆ ಇನ್ನೊಂದಿತ್ತು. ಹಾಗಾದರೆ ನಾನು ಇಷ್ಟಪಟ್ಟದ್ದು ಯಾರನ್ನು? ಎಂದೂ ನೋಡದ, ಸತ್ತುಹೋದ ಒಬ್ಬ ಮನುಷ್ಯನನ್ನೇ?

ಒಂದು ಬೆಳಗ್ಗೆ ಕೇಂದ್ರದ ಬಾಗಿಲು ತಳ್ಳಿಕೊಂಡು ಒಬ್ಬ ಹೆಂಗಸು ಒಳಗೆ ಬಂದಳು. ಕಾಲಲ್ಲಿ ಹೊಸ ಶೂ.

"ಕಿವಿ ಪರೀಕ್ಷೆಗಾ?" ಎಂದು ಕೇಳಿದಳು ಸಹಾಯಕಿ.

"ಕಿವಿ ಚೆನ್ನಾಗೇ ಇದೆ. ಮೇಡಂ ಹತ್ರ ಎರಡು ಮಾತಾಡ್ಬೇಕು."

ಕಿವಿ ಮೇಡಂ ಅವಳನ್ನು ಪರೀಕ್ಷೆಯ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದಳು. ಹೊರಗಿನ ಒಂದು ಸದ್ದೂ ಒಳಗೆ ಬಾರದ ಕೋಣೆ. ತನ್ನ ಎದೆಬಡಿತ ತನಗೇ ಕೇಳುವಷ್ಟು ಮೌನ.

"ಅಕ್ಕ... ನನ್ನನ್ನ ಕ್ಷಮಿಸಿ ಅಂತ ಕೇಳೋಕೂ ನಂಗೆ..."

"ಅಳಬೇಡಿ. ನೀವು ಅತ್ರೆ ನಾನೂ ಅಳ್ತೀನಿ, ಹನ್ನೊಂದಕ್ಕೆ ಡ್ಯೂಟಿ ಇದೆ ನಂಗೆ," ಎಂದಳು ಅತ್ತಿಗೆ. ಸ್ಟೂಲಿನ ಮೇಲೆ ಕೂತು ಉಸಿರು ಬಿಟ್ಟಳು. "ನಮ್ಮೆಜಮಾನ್ರು ಸ್ಕೂಲ್ ವ್ಯಾನ್ ಓಡಿಸ್ತಿದ್ರು. ಮಕ್ಕಳು ಹತ್ತೋವಾಗ ಒಂದು ನಿಜ ಹೇಳ್ಬೇಕು, ಅದೇ ಅವರ ಚಾರ್ಜು. 'ಹೋಮ್‌ವರ್ಕ್ ಮಾಡಿಲ್ಲ ಅಂಕಲ್', 'ಅಮ್ಮಂಗೆ ಗೊತ್ತಿಲ್ದೆ ಚಾಕ್ಲೇಟ್ ತಿಂದೆ ಅಂಕಲ್'... ತಡ ಆಯ್ತು ಅಂತ ಯಾವ ಮಗು ಅತ್ರೂ ಒಂದೇ ಮಾತು, 'ಅವಸರ ಏನಿದೆ? ನಾನಿದ್ದೀನಲ್ಲ.'"

ಅತ್ತಿಗೆ ಸೆರಗಿನ ತುದಿಯಿಂದ ಕಣ್ಣೊತ್ತಿಕೊಂಡಳು.

"ಯಾರು ಬರೀತಿದಾರೆ ಅಂತ ಗೊತ್ತಿಲ್ದೇನೇ ಓದ್ತಿದ್ದೆ. ಒಂದೊಂದು ಭಾಗ ಬಂದಾಗ್ಲೂ ನಮ್ಮೆಜಮಾನ್ರು ಮನೆಗೆ ಬಂದಂಗಾಗ್ತಿತ್ತು. ಮೈದುನಂಗೂ ಹೇಳಿರ್ಲಿಲ್ಲ, ಹುಚ್ಚಿ ಅಂದ್ಕೊಂಡಾನು ಅಂತ. ನೀವು ಅವರನ್ನ ಇನ್ನೊಂದ್ಸಲ ಸಾಯಿಸ್ಬಿಟ್ರಿ. ಅದೂ ಹಂಗೇ... ಒಬ್ಬರನ್ನೇ ಬಿಟ್ಟು."

"ಹಂಗೇ ಅಂದ್ರೆ...?"

"ಮಕ್ಕಳನ್ನೆಲ್ಲ ಇಳಿಸಿ ಬರ್ತಿದ್ರು. ಎದೆನೋವು. ಗಾಡೀನ ಜೋಪಾನವಾಗಿ ಪಕ್ಕಕ್ಕೆ ಹಾಕಿ ತಮ್ಮಂಗೆ ಫೋನ್ ಮಾಡಿದಾರೆ. ಅವನು ಲಿಫ್ಟಿನ ಗುಂಡಿಯೊಳಗೆ ಕೆಲಸದಲ್ಲಿದ್ದ, ಫೋನು ಮೇಲೆ ಬ್ಯಾಗಲ್ಲಿತ್ತು. ಹೊರಗೆ ಬಂದು ನೋಡೋ ಹೊತ್ತಿಗೆ ಎಲ್ಲ ಮುಗಿದಿತ್ತು. ನಾನು ಯಾವತ್ತೂ ಅವನನ್ನ ಒಂದು ಮಾತು ಅಂದಿಲ್ಲ. ಅವನೇ ಅಂದ್ಕೊಳ್ತಾನೆ, ದಿನಾ."

ಓಯ್... ಉತ್ತರ ಬರುತ್ತಾ ಅಂತ ಕೇಳ್ತಾನೆ, ಅಷ್ಟೆ.

ಕಿವಿ ಮೇಡಂ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಕೇಳಿಸಿಕೊಂಡಿದ್ದೆ. ಅದು ಆಟವಲ್ಲ ಅಂತ ನನ್ನ ಕಿವಿಗೆ ಗೊತ್ತಿತ್ತು. ಗೊತ್ತಿದ್ದೂ ಅದನ್ನೇ ಎತ್ತಿಕೊಂಡು...

"ಮೈದುನ ಹೇಳ್ತಾನೆ, 'ಆಕೆ ಬರೆದಿದ್ದು ಅಣ್ಣನ್ನ, ಇಷ್ಟಪಟ್ಟಿದ್ದೂ ಅಣ್ಣನ್ನೇ, ನನ್ನದೇನಿದೆ ಅದರಲ್ಲಿ' ಅಂತ. ಅದಕ್ಕೇ ಬಂದೆ ನಾನು," ಎಂದು ಅತ್ತಿಗೆ ಸ್ಟೂಲನ್ನು ಹತ್ತಿರ ಎಳೆದುಕೊಂಡಳು. "ಒಂದು ಕೇಳ್ತೀನಿ, ನಿಜ ಹೇಳಿ. ಅಂಬಿಗ ಮೊದಲು ತಾನು ಕಾಲಿಟ್ಟು ನೋಡಿ ಆಮೇಲೆ ಜನಾನ ದೋಣಿ ಹತ್ತಿಸ್ತಾನಲ್ಲ. ಅದು ಎಲ್ಲಿಂದ ಬಂತು?"

"ಯಾಕೆ? ನಿಮ್ಮ ಯಜಮಾನ್ರು ಹಾಗೆ..."

"ನಮ್ಮೆಜಮಾನ್ರಾ? ಬ್ರೇಕ್ ಇದೆಯೋ ಇಲ್ವೋ ನೋಡ್ದೆ ಗಾಡಿ ಹತ್ತೋ ಆಸಾಮಿ!" ಅತ್ತಿಗೆಗೆ ಅಳುವಿನ ನಡುವೆಯೇ ನಗು ಬಂತು. "ಗಾಳಿಗೆ ತಾನು ಅಡ್ಡ ಕೂತ್ಕೊಳ್ಳೋದು? ವ್ಯಾನಲ್ಲಿ ಕಿಟಕಿ ಪಕ್ಕದ ಒಳ್ಳೇ ಜಾಗ ಅವರಿಗೇ ಬೇಕು! ಹದಿನಾರು ವರ್ಷ ಸಂಸಾರ ಮಾಡಿದೀನಿ ಕಣಮ್ಮ. ಮಾತು ನನ್ನ ಗಂಡಂದು, ನಡತೆ ಅವರದ್ದಲ್ಲ. ಯಾರದ್ದು?"

ಕಿವಿ ಮೇಡಂ ತಲೆಯೆತ್ತಿದಳು. ಅಲ್ಲಾಡುವ ಕುರ್ಚಿ. ಬಾಗಿಲಿಗೆ ಒತ್ತಿದ ಅಂಗೈ. ಒಂದು ಕಾಲು ಒಳಗಿಟ್ಟು ಭಾರ ಹಾಕಿ ನೋಡುವ ಆ ರೀತಿ...

"ಅಕ್ಕ, ಅವರು ಈಗ ಎಲ್ಲಿದಾರೆ?"

* * *

ನಾಲ್ಕು ಬೀದಿ ಆಚೆ, ಹಳೆಯ ನೀರಿನ ಟ್ಯಾಂಕಿನ ಹಿಂದಿನ ಅಪಾರ್ಟ್‌ಮೆಂಟು. ಲಿಫ್ಟ್ ಕೆಟ್ಟಿತ್ತು; ರಿಪೇರಿಯವರು ಮೇಲಿನಿಂದ ಇಳಿದಿದ್ದಾರೆ ಎಂದ ಕಾವಲಿನವನು. ಮೇಲಿನ ಮಹಡಿ ತಲುಪುವಷ್ಟರಲ್ಲಿ ಅವಳಿಗೆ ಏದುಸಿರು ಬಂದಿತ್ತು.

ಲಿಫ್ಟಿನ ಬಾಗಿಲು ಬಾಯಿ ತೆರೆದು ನಿಂತಿತ್ತು. ಅಡ್ಡಲಾಗಿ ಒಂದು ಹಳದಿ ಪಟ್ಟಿ, 'ಕೆಲಸ ನಡೆಯುತ್ತಿದೆ'. ಅದರ ಪಕ್ಕದಲ್ಲಿ ಅವನ ಬ್ಯಾಗು. ಬ್ಯಾಗಿನೊಳಗೆ ಎಲ್ಲೋ ಫೋನು ಗುಂಯ್‌ಗುಟ್ಟಿ ಸುಮ್ಮನಾಯಿತು. ಕೆಳಗೆ ಕತ್ತಲೆಯ ಗುಂಡಿ. ತೀರ ಆಳದಲ್ಲಿ, ನಿಂತುಹೋದ ಲಿಫ್ಟಿನ ನೆತ್ತಿಯ ಮೇಲೆ, ಒಂದು ಟಾರ್ಚಿನ ಬೆಳಕು, ಸ್ಪ್ಯಾನರ್ ತಿರುಗುವ ಸದ್ದು.

ಹೀಗೇ ಇತ್ತು ಆ ದಿನವೂ. ಇಲ್ಲಿಂದ ಯಾರು ಕರೆದರೂ ಕೇಳುವ ಹಾಗಿರಲಿಲ್ಲ, ಪಾಪ...

ಅವಳು ಪಟ್ಟಿಯ ಈಚೆ ಮಂಡಿಯೂರಿ ಕೂತಳು.

"ಓಯ್!"

ಕೂಗು ಗೋಡೆಯಿಂದ ಗೋಡೆಗೆ ತಾಗಿ ಕೆಳಗಿಳಿಯಿತು. ಸ್ಪ್ಯಾನರ್ ನಿಂತಿತು.

ಏನೂ ಇಲ್ಲ.

ಅವಳು ಇನ್ನೊಮ್ಮೆ ಕರೆಯಲಿಲ್ಲ. ಕಾದಳು. ಕಾಯುವುದು ಅವಳಿಗೆ ಗೊತ್ತಿದ್ದ ಕೆಲಸ. ಕೇಳಿಸಿದವರು ಉತ್ತರ ಕೊಡಲು ಹೊತ್ತು ಹಿಡಿಯುತ್ತದೆ. ಕೇಳಿಸಿಯೇ ಇಲ್ಲ ಎಂದು ಅವಸರಪಟ್ಟು ಬರೆದುಕೊಳ್ಳಬಾರದು.

"...ಓಯ್."

ಸಣ್ಣ ದನಿ. ಒಡೆದ ದನಿ. ಅಂಬಿಗನದಲ್ಲ. ಅವಳ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯಿತು.

"ಯಾಕೆ ಬಂದ್ರಿ?" ಎಂದು ಕೇಳಿತು ಕತ್ತಲೆ.

"ಸವಾರಿಗೆ. ಬಾಡಿಗೆ ತಂದಿದೀನಿ."

ಅವಳು ಗಟ್ಟಿ ಮನಸ್ಸು ಮಾಡಿದಳು.

"ಒಂದು ನಿಜ. ನಿಮ್ಮನ್ನ ಕೇಳ್ದೆ ಬರೆದೆ. ಅದು ಕಳ್ಳತನ. ಕ್ಯಾಷಿಯರ್ ಅಂಕಲ್ಲೂ ಅಷ್ಟು ಕದ್ದಿಲ್ಲ. ಇನ್ನೊಂದು ನಿಜ. ನಿಮ್ಮ ಅತ್ತಿಗೇನ ನಿಮ್ಮ ಹೆಂಡತಿ ಅಂದ್ಕೊಂಡೆ. ಹೊಟ್ಟೆ ಉರ್ಕೊಂಡು ಅಂಬಿಗನ್ನ ಸಾಯಿಸಿದೆ."

"...ಹೊಟ್ಟೆ ಉರ್ಕೊಂಡಾ?"

"ಹೂಂ! ಇನ್ನೇನು ಮತ್ತೆ!"

ಟಾರ್ಚಿನ ಬೆಳಕು ಒಂದು ಕ್ಷಣ ಅಲುಗಿತು.

"ನೀವು ಇಷ್ಟಪಟ್ಟಿದ್ದು ನಮ್ಮಣ್ಣನ್ನ ರೀ. ಎಲ್ಲರೂ ಅವನನ್ನೇ ಇಷ್ಟಪಡ್ತಿದ್ರು. ಅವನ ದನಿ ಮರ್ತುಹೋಗುತ್ತೇನೋ ಅಂತ ಹೆದರಿಕೆಯಾಗಿ ಆ ಆಟಕ್ಕೆ ಬಂದೋನು ನಾನು. ಆ ದನಿ ತೆಗೆದ್ರೆ ಉಳಿಯೋದು... ಫೋನ್ ಎತ್ತದೇ ಇದ್ದೋನು, ಅಷ್ಟೆ."

"ದನಿ ಬಗ್ಗೆ ನಂಗೆ ಪಾಠ ಹೇಳ್ಬೇಡಿ! ದಿನವಿಡೀ ಅದೇ ಕೆಲಸ ನಂದು!" ಅವಳಿಗೆ ಸಿಟ್ಟು ಬಂತು, ಅಳು ಬಂತು, ಎರಡೂ ಒಟ್ಟಿಗೇ ಬಂದವು. "ಬೇರೆಯವರು ಹತ್ತೋ ಮುಂಚೆ ಕಾಲಿಟ್ಟು ನೋಡೋದು ನಿಮ್ಮಣ್ಣ ಅಲ್ಲ. ಗಾಳಿಗೆ ಅಡ್ಡ ಕೂರೋದು ನಿಮ್ಮಣ್ಣ ಅಲ್ಲ. ನಿಮ್ಮ ಅತ್ತಿಗೇನೇ ಹೇಳಿದ್ರು. ಅವೆಲ್ಲ ನಾನು ಮೇಜಿನ ಈಚೆ ಕೂತು, ಲಿಫ್ಟಿನ ಮುಂದೆ ನಿಂತು ನೋಡಿದ್ದು. ನಿಮ್ಮನ್ನ ನೋಡಿದ್ದು!"

ಕೆಳಗೆ ಒಬ್ಬ ಗಂಡಸು ಸದ್ದಾಗದಂತೆ ಅಳಲು ನೋಡುತ್ತಿದ್ದ. ಆದರೆ ಮೇಲೆ ಕೂತಿದ್ದವಳು ಕಿವಿ ಮೇಡಂ. ಅವಳಿಗೆ ಎಲ್ಲವೂ ಕೇಳಿಸಿತು.

"ಆ ಭಾಗ ಅಳಿಸಿಬಿಡ್ತೀನಿ," ಎಂದಳು ಮೆಲ್ಲಗೆ. "ಅಂಬಿಗನ್ನ ಬದುಕಿಸ್ತೀನಿ. ಕಥೆ ತಾನೆ."

"ಬೇಡ." ಅವನು ಮೂಗೊರೆಸಿಕೊಂಡ. "ಬದುಕಿಸಿದ್ರೆ ಅತ್ತಿಗೆ ಮತ್ತೆ ಕಾಯೋಕೆ ಶುರು ಮಾಡ್ತಾರೆ. ನಾನೂನೂ. ಸತ್ತೋನು ಸತ್ತೇ ಇರ್ಲಿ. ಆದ್ರೆ... ಉತ್ತರ ಒಂದು ಬರ್ಲಿ. ಕಣ್ಣು ಮುಚ್ಚೋ ಮುಂಚೆ ಒಂದ್ಸಲ ಆಚೆ ದಡದಿಂದ ಯಾರಾದ್ರೂ ಓಯ್ ಅನ್ಲಿ."

"ಯಾರು ಅನ್ನಬೇಕು?"

"...ಅವನಿಗೊಬ್ಬ ತಮ್ಮ ಇದ್ದ ಅಂತ ಬರೀರಿ."

ಅವಳು ತುಟಿ ಕಚ್ಚಿ ಹಿಡಿದಳು.

"ನಾನೊಬ್ಬಳೇ ಬರೆಯಲ್ಲ. ಅವರವರ ಪಾತ್ರ ಅವರವರದ್ದು. ಪಕ್ಕದಲ್ಲಿ ಕೂತು ನೀವು ಹೇಳಿ, ನೀವು ಹೇಳಿದಷ್ಟೇ ಬರೀತೀನಿ. ಮೊದಲು ಅಕ್ಕ ಓದಲಿ. ಅವರು ಹೂಂ ಅಂದ ಮೇಲೇ ಉಳಿದವರಿಗೆ."

"ಓದುಗರು ಕಾಯ್ತಾರಾ?"

"ಕಾಯ್ಲಿ ಬಿಡಿ. ಅವಸರ ಏನಿದೆ?"

ಕೆಳಗಿನಿಂದ ನಗುವಿನಂಥದ್ದು ಏನೋ ಬಂತು. ಆಮೇಲೆ ಕೇಳಿದ, "ಬಾಡಿಗೆ ಅಷ್ಟೇನಾ? ಇನ್ನೇನಾದ್ರೂ ಉಳಿದಿದೆಯಾ?"

"ಉಳಿದಿದೆ. ಅದನ್ನ ಹೇಳೋಕೆ ಮುಖ ಕಾಣ್ಬೇಕು."

"ಹಾಗಾದ್ರೆ ತಾಳಿ. ಹಿಂದಕ್ಕೆ ಸರೀರಿ. ಇನ್ನೂ ಹಿಂದಕ್ಕೆ... ಗೋಡೆಗೆ ಒರಗಿ ನಿಲ್ಲಿ."

ಬಾಗಿಲು ಮುಚ್ಚಿಕೊಂಡಿತು. ಗುಂಡಿಯ ಆಳದಲ್ಲಿ ಏನೇನೋ ಕಟಕಟ ಎಂದಿತು, ನಿಂತಿತು, ಮತ್ತೆ ಗುರುಗುಟ್ಟಿತು. ಅವಳು ಗೋಡೆಗೆ ಒರಗಿ, ಮೈಯೆಲ್ಲ ಕಿವಿಯಾಗಿ, ಆ ಸದ್ದು ಒಂದೊಂದೇ ಮಹಡಿ ಹತ್ತಿ ಬರುವುದನ್ನು ಕೇಳುತ್ತ ನಿಂತಳು.

ಬಾಗಿಲು ತೆರೆಯಿತು. ಕೆನ್ನೆಯ ಮೇಲೆ ಗ್ರೀಸು, ಗ್ರೀಸಿನ ನಡುವೆ ಕಣ್ಣೀರು ಹರಿದ ಗೆರೆ. ಒಳಗೆ ನಿಂತಿದ್ದ ಅವನು ಅಭ್ಯಾಸದಂತೆ ಬಾಗಿಲಿಗೆ ಅಂಗೈ ಒತ್ತಿ ಹಿಡಿದ.

"ಹೇಳಿ," ಎಂದ.

"ನಂಗೆ ಅಂಬಿಗ ಬೇಡ. ನೀವು ಬೇಕು."

ಅವನ ಕಿವಿ ಕೆಂಪಾಯಿತು.

"ನಂದೂ ಒಂದಿದೆ," ಎಂದ ತಡವರಿಸುತ್ತ. "ಆ ಅಲ್ಲಾಡೋ ಕುರ್ಚಿಗೆ ಒಂದು ಸ್ಕ್ರೂ ಹಾಕಿದ್ರೆ ಸರಿಹೋಗುತ್ತೆ. ಬೇಕಂತ್ಲೇ ಹಾಕಿಲ್ಲ. ಸರಿಮಾಡಿದ್ರೆ ಅಂಕಲ್ ಬಂದು ಕೂತ್ಬಿಡ್ತಾರೆ. ಅಲ್ಲಿ ಕೂತ್ರೆ ಮಾತ್ರ ನಿಮ್ಮ ಮುಖ ನೇರ ಕಾಣೋದು."

ಅವಳು ಅಳುತ್ತಲೇ ನಕ್ಕಳು. ಹಳದಿ ಪಟ್ಟಿ ಸರಿಸಿ ಮುಂದೆ ಬಂದು, ಹೊಸ್ತಿಲ ಮೇಲೆ ನಿಂತಳು.

ಅವನು ಒಂದು ಕಾಲು ಹಿಂದಿಟ್ಟು, ಲಿಫ್ಟಿನ ನೆಲದ ಮೇಲೆ ಭಾರ ಹಾಕಿ ನೋಡಿದ. ಗಟ್ಟಿಯಿದೆ. ಇನ್ನೊಂದು ಕೈಯನ್ನು ಅವಳ ಕಡೆಗೆ ಚಾಚಿದ.

"ಬಂದ್ಯಾ?" ಎಂದು ಕೇಳಿದ, ಯಾರಿಂದಲೂ ಕಡ ತರದ ತನ್ನದೇ ದನಿಯಲ್ಲಿ.

"ಬಂದೆ," ಎಂದಳು ಅವಳು.